ದನಿ ಹೋದವನಿಗೆ ಫೋನಿನಲ್ಲೇ ಡಾಕ್ಟರು

ಡಾಕ್ಟರ ಹತ್ತಿರ ಹೋಗುವುದು ಹೇಗೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೀಸೆ ಮೂಡಿದಾಗಿನಿಂದ ನಾನು ತೀರ್ಥಹಳ್ಳಿಯ ಭಾಸ್ಕರ ಡಾಕ್ಟ್ರ ಪೇಶೆಂಟು. ಹೊಸನಗರದಲ್ಲಿ ಡಾಕ್ಟರಿಲ್ಲವಾ ಅಂತ ನೀವು ಕೇಳಬಹುದು. ಇದ್ದಾರೆ, ಒಳ್ಳೆಯವರೇ ಇದ್ದಾರೆ. ಆದರೆ ನನ್ನ ಹೊಟ್ಟೆಗೆ ಯಾವ ಔಷಧಿ ನಾಟುತ್ತದೆ, ನನ್ನ ಹೆಂಡತಿ ಯಾವ ಮಾತ್ರೆಯನ್ನು ನುಂಗದೆ ತುಳಸಿ ಗಿಡದ ಬುಡಕ್ಕೆ ಹಾಕುತ್ತಾಳೆ, ಇದೆಲ್ಲ ಗೊತ್ತಿರುವುದು ಭಾಸ್ಕರ ಡಾಕ್ಟ್ರಿಗೆ ಮಾತ್ರ.

ಅವರಲ್ಲಿ ಹಿಂದೆ ಒಂದು ಪದ್ಧತಿ ಇತ್ತು. ಟೋಕನ್ನೂ ಇಲ್ಲ, ಚೀಟಿಯೂ ಇಲ್ಲ. ಜಗಲಿಯ ಕೆಳಗೆ ಗೋಡೆಯ ಪಕ್ಕ ಚಪ್ಪಲಿ ಬಿಡಬೇಕು. ಮೊದಲು ಬಂದವನ ಚಪ್ಪಲಿ ಬಾಗಿಲ ಹತ್ತಿರ, ಆಮೇಲೆ ಬಂದವನದು ಅದರ ಹಿಂದೆ. ಚಪ್ಪಲಿ ಬಿಟ್ಟ ಮೇಲೆ ಮನುಷ್ಯ ಅಲ್ಲೇ ಇರಬೇಕು ಅಂತೇನಿಲ್ಲ. ಬರಿಗಾಲಲ್ಲೇ ಪೇಟೆಗೆ ಹೋಗಿ, ಮಸಾಲೆದೋಸೆ ತಿಂದು, ಬಾಳೆಗೊನೆಗೆ ರೇಟು ಕೇಳಿ ಬರುವಷ್ಟರಲ್ಲಿ ಸರದಿ ಬಂದಿರುತ್ತಿತ್ತು. ಆಗೆಲ್ಲ ತೀರ್ಥಹಳ್ಳಿ ಪೇಟೆಯಲ್ಲಿ ಒಬ್ಬ ಬರಿಗಾಲಲ್ಲಿ ಕಂಡರೆ ಜನ, "ಡಾಕ್ಟ್ರ ಹತ್ರ ಬಂದದ್ದಾ? ಎಂತ ಆಯ್ತು?" ಅಂತಲೇ ಕೇಳುತ್ತಿದ್ದರು.

ಕೊರೋನಾ ಬಂತು, ಚಪ್ಪಲಿ ಸಾಲು ಹೋಯಿತು. ಡಾಕ್ಟ್ರು ಫೋನಿನಲ್ಲಿ ಔಷಧಿ ಹೇಳಲು ಶುರು ಮಾಡಿದರು. ಕೊರೋನಾ ಹೋಯಿತು, ಫೋನು ಉಳಿಯಿತು. ಈಗ ನೇರವಾಗಿ ನೋಡುವುದು ಮಂಗಳವಾರ, ಶುಕ್ರವಾರ ಬೆಳಿಗ್ಗೆ ಮಾತ್ರ. ಅದಕ್ಕೂ ಮೊದಲೇ ಫೋನ್ ಮಾಡಿ ಹೆಸರು ಬರೆಸಬೇಕು. ಬೇರೆ ದಿನ ಏನಿದ್ದರೂ ಫೋನಿನಲ್ಲೇ. ಇದು ನನಗೆ ಗೊತ್ತಿತ್ತು. ಆದರೆ ಹಳೇ ಗಿರಾಕಿಗೆ ಇದೆಲ್ಲ ಲೆಕ್ಕಕ್ಕಿಲ್ಲ ಅಂತ ನನ್ನ ನಂಬಿಕೆ.

ಇನ್ನು ನನ್ನ ವಿಷಯ. ಹೊಸನಗರದಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ, ಹಿಂದೆಯೇ ಮನೆ. ಹೊಟ್ಟೆಪಾಡಿಗೆ ಪಾತ್ರೆ, ಹುಚ್ಚಿಗೆ ತಾಳಮದ್ದಳೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಪಂಚೆ ಶಾಲು ಹಾಕಿ ಕೂತವರು ಮಾತಿನಲ್ಲೇ ಜಗಳ ಆಡುತ್ತಾರೆ. ಮಾತೇ ಬಂಡವಾಳ. ಅಂಥ ಕಡೆ ಇಷ್ಟು ವರ್ಷ ನನಗೆ ಸಿಕ್ಕಿದ್ದು ದೂತನ ಪಾತ್ರ. ಅದರಲ್ಲಿ ಎರಡೇ ಮಾತು. ಬರುವಾಗ "ಮಹಾರಾಜರಿಗೆ ಜಯವಾಗಲಿ", ಹೋಗುವಾಗ "ಅಪ್ಪಣೆ, ಮಹಾರಾಜ". ಇದನ್ನು ನಾನು ಎಷ್ಟು ಊರಲ್ಲಿ ಹೇಳಿದ್ದೇನೆ ಅಂದರೆ, ಅಂಗಡಿಗೆ ಬಂದವರು ಲೋಟ ಕೇಳಿದರೂ ಬಾಯಿಗೆ "ಅಪ್ಪಣೆ" ಅಂತಲೇ ಬರುತ್ತದೆ.

ಹೀಗಿರುವಾಗ ಅರಳಸುರಳಿಯ ಮಂಜಪ್ಪಗೌಡ್ರು ಫೋನ್ ಮಾಡಿದರು. ಅಲ್ಲಿ ಮುಂದಿನ ತಿಂಗಳು ಒಂದು ಶನಿವಾರ ಸಂಧಾನದ ಪ್ರಸಂಗ. ಯಾವಾಗಲೂ ರಾಜನ ಅರ್ಥ, ಅಂದರೆ ರಾಜನ ಮಾತು, ಹೇಳುವವರ ಮಗಳ ಮನೆಯಲ್ಲಿ ಅವತ್ತೇ ಗೃಹಪ್ರವೇಶವಂತೆ.

"ಗಣಪಣ್ಣ, ಈ ಸಲ ರಾಜ ನೀನೇ," ಅಂದರು ಗೌಡ್ರು.

ಯಾವ ರಾಜ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಂಧಾನಕ್ಕೆ ಬಂದವರಿಗೆ ಸೂಜಿಮೊನೆಯಷ್ಟು ಜಾಗವನ್ನೂ ಕೊಡದವನು. ಎದುರಿಗೆ ಸಂಧಾನಕಾರರಾಗಿ ಸಾಗರದ ಮೇಷ್ಟ್ರು. ಅವರ ಎದುರು ಕೂತವರು ಮಾತು ಸೋತು ನೀರು ಕುಡಿದದ್ದೇ ಹೆಚ್ಚು. ನಾನು ಅವರನ್ನೇ ನೀರು ಕುಡಿಸುತ್ತೇನೆ ಅಂತ ಪಣ ತೊಟ್ಟೆ.

ಅಭ್ಯಾಸ ಶುರುವಾಯಿತು. ಅಂಗಡಿಯಲ್ಲಿ ಒಂದು ದೊಡ್ಡ ತಾಮ್ರದ ಹಂಡೆ ಇದೆ. ಒಂದು ಸಂಜೆ ಅದರೊಳಗೆ ತಲೆ ಹಾಕಿ ಧೂಳು ಒರೆಸುವಾಗ ಕೆಮ್ಮು ಬಂತು. ಆಹಾ, ಎಂಥ ಗಾಂಭೀರ್ಯ ಮಾರಾಯ್ರೇ ಆ ಕೆಮ್ಮಿಗೆ! ಹಂಡೆಯೊಳಗೆ ಸಾಕ್ಷಾತ್ ಚಕ್ರವರ್ತಿಯೇ ಕೆಮ್ಮಿದ ಹಾಗಿತ್ತು. ಅವತ್ತಿನಿಂದ ದಿನಾ ಶಟರ್ ಎಳೆದು, ಹಂಡೆಗೆ ತಲೆ ತೂರಿಸಿ, "ಎಲವೋ ಗೊಲ್ಲ, ಸೂಜಿಯ ಮೊನೆಯಷ್ಟೂ ನೆಲವನ್ನು ಕೊಡೆ, ಕೊಡೆ, ಕೊಡೆ" ಅಂತ ಆರ್ಭಟಿಸಿದೆ.

ಹಿಂದಿನ ಅಡುಗೆಮನೆಯಿಂದ ನನ್ನ ಹೆಂಡತಿ ಸರೋಜ, "ಕೊಡಬೇಡಿ, ಯಾರು ಕೇಳಿದ್ರು ಈಗ? ಊಟಕ್ಕೆ ಬನ್ನಿ," ಅನ್ನುತ್ತಿದ್ದಳು.

ಹೀಗೆ ತಿಂಗಳು ಕಳೆಯಿತು. ತಾಳಮದ್ದಳೆಯ ವಾರ ಬಂತು. ಮಂಗಳವಾರ ಬೆಳಿಗ್ಗೆ ಎದ್ದು ಬಾಯಿ ತೆರೆದರೆ ದನಿಯೇ ಇಲ್ಲ. ಬರೀ ಗಾಳಿ. ಸೈಕಲ್ ಟ್ಯೂಬಿನಿಂದ ಬರುತ್ತದಲ್ಲ, ಅಂಥದ್ದು. ಹಂಡೆಯ ಹತ್ತಿರ ಓಡಿ ಹೋಗಿ ತಲೆ ಹಾಕಿ ಕೂಗಿ ನೋಡಿದೆ. ಹಂಡೆಯೂ ಸುಮ್ಮನೆ ಕೂತಿತ್ತು. ಶನಿವಾರ ತಾಳಮದ್ದಳೆ. ಜೀವನದಲ್ಲಿ ಒಂದೇ ಸಲ ಸಿಕ್ಕಿದ ಸಿಂಹಾಸನ ಕೈಬಿಟ್ಟು ಹೋಗುತ್ತದಲ್ಲ!

ಸರೋಜ ಸಾಗರದಲ್ಲಿರುವ ತಂಗಿ ಮನೆಗೆ ಹೋಗಿದ್ದಳು, ಬುಧವಾರ ಸಂಜೆಗೇ ಬರುವುದು. ಅವಳಿಗೆ ಕಾಯುವುದೇಕೆ? ನನ್ನ ಗಂಟಲು, ನನ್ನ ಡಾಕ್ಟರು. ಕ್ಲಿನಿಕ್ಕಿಗೆ ಫೋನ್ ಹಚ್ಚಿದೆ.

"ಹಲೋ, ಯಾರು?" ಅಂದಳು ಶೈಲಾ. ಫೋನ್ ಎತ್ತುವುದು, ಹೆಸರು ಬರೆಯುವುದು ಎಲ್ಲ ಅವಳದೇ ಕೆಲಸ.

ನಾನು ಜೀವ ಎಲ್ಲ ಗಂಟಲಿಗೆ ತಂದು ಮಾತಾಡಿದೆ. "ಹ್ಹಾಆ... ಹ್ಹಾಆ..."

"ಹಲೋ, ಯಾರ್ರೀ ಅದು?"

"ಹ್ಹಾಆ... ಹ್ಹ್..."

ಆ ಕಡೆ ಫೋನ್ ಇಟ್ಟಳು. ಲೈನ್ ಸರಿ ಇಲ್ಲ ಅಂದುಕೊಂಡು ಮತ್ತೆ ಮಾಡಿದೆ. ಮತ್ತೆ ಇಟ್ಟಳು. ಹಳೇ ಗಿರಾಕಿ ಅಂತ ಬಿಡದೆ ಮತ್ತೊಂದು ಸಲ ಮಾಡಿದೆ, ಈ ಸಲ ಇನ್ನೂ ಜೋರಾಗಿ ಉಸಿರು ಬಿಟ್ಟೆ.

"ನಾಚಿಕೆ ಆಗಲ್ವಾ ನಿಮಗೆ? ಮನೇಲಿ ಅಕ್ಕತಂಗಿಯರಿಲ್ವಾ? ಹೆಣ್ಮಕ್ಕಳು ಫೋನ್ ಎತ್ತಿದ್ರೆ ಹೀಗಾ ಉಸಿರು ಬಿಡೋದು? ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ನೋಡಿ," ಅಂದಳು. ಆಮೇಲೆ ನನ್ನ ಫೋನು ಅಲ್ಲಿಗೆ ಹೋಗಲೇ ಇಲ್ಲ. ಬ್ಲಾಕ್ ಮಾಡಿದ್ದಳು.

ಅಯ್ಯೋ ರಾಮ. ಇಷ್ಟು ವರ್ಷ ಮರ್ಯಾದೆಯಿಂದ ಪಾತ್ರೆ ಮಾರಿದವನು, ಒಂದು ಬೆಳಿಗ್ಗೆಯಲ್ಲಿ ತೀರ್ಥಹಳ್ಳಿಯ ಪೋಲಿಗಳ ಪಟ್ಟಿಗೆ ಸೇರಿಬಿಟ್ಟೆ.

ಬುಧವಾರ ಬೆಳಿಗ್ಗೆ ಸೀದಾ ಬಸ್ಸು ಹತ್ತಿದೆ. ಮುಖ ನೋಡಿದರೆ ಡಾಕ್ಟ್ರು ಇಲ್ಲ ಅನ್ನುತ್ತಾರಾ? ಕ್ಲಿನಿಕ್ಕಿನ ಜಗಲಿ ಖಾಲಿ ಇತ್ತು. ಒಂದೇ ಒಂದು ಚಪ್ಪಲಿ ಇಲ್ಲ. ನನಗೆ ಖುಷಿಯಾಯಿತು. ಹಳೇ ಪದ್ಧತಿಯಂತೆ ಬಾಗಿಲ ಹತ್ತಿರ ಮೊದಲನೇ ಸ್ಥಾನದಲ್ಲಿ ನನ್ನ ಹೊಸ ಚಪ್ಪಲಿ ಬಿಟ್ಟು ಒಳಗೆ ಹೋದೆ.

ಶೈಲಾ ತಲೆ ಎತ್ತಿ, "ಇವತ್ತು ನೇರ ನೋಡಲ್ಲ, ಫೋನಿನ ದಿನ. ಏನಿದ್ರೂ ಫೋನ್ ಮಾಡಿ," ಅಂದಳು. ತಿಂಗಳ ಹಿಂದೆ ಸೇರಿದವಳು, ನನ್ನ ಗುರುತಿಲ್ಲ.

ನಾನು ಗಂಟಲು ಮುಟ್ಟಿ ತೋರಿಸಿದೆ, ಕೈ ಆಡಿಸಿದೆ, ಫೋನಿನಲ್ಲಿ ಆಗುವುದಿಲ್ಲ ಅಂತ ಅಭಿನಯ ಮಾಡಿದೆ. ಅವಳಿಗೆ ಅರ್ಥವಾಗಲಿಲ್ಲ, ಬರೆದು ತೋರಿಸಬಹುದು ಅಂತ ನನಗೂ ಹೊಳೆಯಲಿಲ್ಲ. ಕೊನೆಗೆ ಬಾಯಿಬಿಟ್ಟು, "ಹ್ಹಾಆ... ಡಾ... ಹ್ಹ್..." ಅಂದೆ.

ಶೈಲಾಳ ಮುಖದ ಬಣ್ಣವೇ ಬದಲಾಯಿತು. "ಓಹೋ, ನೀವೇನಾ ಅದು? ಫೋನ್ ಸಾಲ್ದು ಅಂತ ಇಲ್ಲಿಗೇ ಬಂದ್ರಾ?" ಅನ್ನುತ್ತಾ ಕುರ್ಚಿಯಿಂದ ಎದ್ದಳು. ಕೈಯಲ್ಲಿ ರೂಲು ದೊಣ್ಣೆ ಇತ್ತು. ಪಕ್ಕದ ಮೆಡಿಕಲ್ ಶಾಪಿನವನಿಗೂ ಕೂಗು ಹಾಕಿದಳು.

ವಿವರಿಸೋಣ ಅಂದರೆ ದನಿ ಇಲ್ಲ, ನಿಲ್ಲೋಣ ಅಂದರೆ ಧೈರ್ಯ ಇಲ್ಲ. ಓಡಿದೆ. ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಬರಿಗಾಲು. ಗುರುತಿನ ಅಂಗಡಿಯವರೊಬ್ಬರು ನಕ್ಕು, "ಎಂತ ಗಣಪಣ್ಣ, ಡಾಕ್ಟ್ರ ಹತ್ರ ಬಂದದ್ದಾ? ಇನ್ನೂ ಸರದಿ ಬಂದಿಲ್ವಾ?" ಅಂದರು. ತಲೆ ಅಲ್ಲಾಡಿಸಿ ಹೊಸನಗರದ ಬಸ್ಸು ಹತ್ತಿದೆ.

ಸಂಜೆ ಸರೋಜ ಬಂದಳು. ನಡೆದದ್ದನ್ನೆಲ್ಲ ಅಂಗಡಿಯ ಬಿಲ್ ಹಿಂದೆ ಬರೆದು ತೋರಿಸಿದೆ. ಓದಿ ಅವಳು ನಕ್ಕ ನಗೆಗೆ ಸ್ಟ್ಯಾಂಡಿನಲ್ಲಿದ್ದ ಸೌಟುಗಳು ಅಲ್ಲಾಡಿದವು. ಆಮೇಲೆ ಕಣ್ಣು ಒರೆಸಿಕೊಂಡು, "ಹೋಗ್ಲಿ ಬಿಡಿ. ನಾಳೆ ನಾನೇ ಮಾತಾಡ್ತೀನಿ," ಅಂದಳು.

ಗುರುವಾರ ಬೆಳಿಗ್ಗೆ ತನ್ನ ಫೋನಿನಿಂದ ಮಾಡಿದಳು. ಶುಕ್ರವಾರಕ್ಕೆ ಆಗಲೇ ಹೆಸರು ತುಂಬಿತ್ತು. ಫೋನಿನಲ್ಲಿ ಮಾತ್ರ ಡಾಕ್ಟ್ರು ಸಿಕ್ಕರು. ಸರೋಜ ಸ್ಪೀಕರ್ ಹಾಕಿದಳು.

"ಏನಾಯ್ತು ಸರೋಜಮ್ಮ?"

"ಇವರಿಗೆ ದನಿ ಹೋಗಿದೆ ಡಾಕ್ಟ್ರೇ. ಒಂದ್ ರೀತಿ ನೆಮ್ಮದಿಯಾಗಿದೆ, ಆದ್ರೂ ಕೇಳೋಣ ಅಂತ."

"ನೋವಿದೆಯಾ ಕೇಳಿ."

ನಾನು ಇಲ್ಲ ಅಂತ ತಲೆ ಆಡಿಸಿದೆ. ಸರೋಜ, "ಇದೆ," ಅಂದಳು. "ಇವರು ಯಾವತ್ತೂ ನಿಜ ಹೇಳಲ್ಲ ಡಾಕ್ಟ್ರೇ. ಉಪ್ಪಿನಕಾಯಿ ಬಿಡಲ್ಲ, ಗೊರಕೆ ನಿಲ್ಸಲ್ಲ, ಹೇಳಿದ್ ಮಾತು ಕೇಳಲ್ಲ."

ನಾನು ಮೇಜು ಕುಟ್ಟಿದೆ. ಗಂಟಲಿನ ವಿಷಯ ಹೇಳು ಅಂತ ಸನ್ನೆ ಮಾಡಿದೆ.

"ಈಗ ನೋಡಿ, ಸಿಟ್ಟು ಬೇರೆ," ಅಂದಳು. "ಅದಿರ್ಲಿ, ನನ್ನ ಮೊಣಕಾಲು ಮೆಟ್ಟಿಲು ಇಳಿಯುವಾಗ ಕಟಕಟ ಅಂತದೆ..."

ಮಾತು ಮೊಣಕಾಲಿಗೆ ತಿರುಗಿತು. ಮೊಣಕಾಲಿಗೆ ಎಣ್ಣೆ ಆಯಿತು, ಮಾತ್ರೆ ಆಯಿತು, ವ್ಯಾಯಾಮ ಆಯಿತು. ಅವಳ ತಂಗಿಯ ಸೊಂಟವೂ ಮುಗಿಯಿತು. ನನ್ನ ಸಿಂಹಾಸನ ಸೊಂಟ, ಮೊಣಕಾಲುಗಳ ನಡುವೆ ಸಿಕ್ಕಿ ಒದ್ದಾಡುತ್ತಿತ್ತು. ಕೊನೆಗೆ ಡಾಕ್ಟ್ರು, "ಬೇರೆ ಪೇಶೆಂಟ್ ಕಾಯ್ತಿದಾರೆ. ಅವರ ಗಂಟಲಿನದು ಒಂದು ಫೋಟೋ ಹೊಡ್ದು ವಾಟ್ಸಾಪ್ ಮಾಡಿ, ನೋಡ್ತೀನಿ," ಅಂದು ಫೋನ್ ಇಟ್ಟರು.

ಊಟವಾದ ಮೇಲೆ ಬೆಳಕು ಚೆನ್ನಾಗಿರುತ್ತದೆ, ಆಗ ಹೊಡೆಯೋಣ ಅಂದಳು ಸರೋಜ. ಊಟ ಆಯಿತು. ಇಲ್ಲಿಯೇ ನಾನು ಎಡವಿದ್ದು. ನಮ್ಮ ಕಡೆ ಊಟ ಮುಗಿಯುವುದು ಮಜ್ಜಿಗೆಗಲ್ಲ, ಕವಳಕ್ಕೆ. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಳ್ಳುವುದು ನನಗೆ ಉಸಿರಾಡಿದಷ್ಟೇ ಸಹಜ. ಕವಳದ ತಟ್ಟೆ ಕಂಡ ಕೂಡಲೇ ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಸೊಗಸಾಗಿ ಜಗಿದು, ಉಗುಳಿ ಬಂದು, ಅಂಗಳದ ಬಿಸಿಲಿಗೆ ಮುಖ ಮಾಡಿ ಬಾಯಿ ತೆರೆದೆ. ಸರೋಜ ಟಾರ್ಚ್ ಹಿಡಿದು ಫೋಟೋ ಹೊಡೆದು ಕಳಿಸಿಬಿಟ್ಟಳು. ಅವಳಿಗೂ ಹೊಳೆಯಲಿಲ್ಲ. ನನ್ನ ಬಾಯಿ ಕೆಂಪಿಲ್ಲದ್ದನ್ನು ಅವಳು ನೋಡಿದ್ದು ಮದುವೆಗೆ ಮುಂಚೆ, ಹೆಣ್ಣು ನೋಡಲು ಹೋದ ದಿನ ಮಾತ್ರ.

ಒಳಗೆ ಬಂದು ಕೂರುವಷ್ಟರಲ್ಲಿ ಫೋನ್ ಬಂತು. ಡಾಕ್ಟ್ರೇ ಖುದ್ದು.

"ಸರೋಜಮ್ಮ, ಇದೇನಿದು? ಗಂಟಲು ತುಂಬ ರಕ್ತ ಇದೆಯಲ್ಲ! ತಡ ಮಾಡ್ಬೇಡಿ, ಈಗ್ಲೇ ಕರ್ಕೊಂಡು ಬನ್ನಿ. ಹೆಸರು ಗಿಸರು ಏನೂ ಬೇಡ, ನಾನು ಕಾಯ್ತಾ ಇರ್ತೀನಿ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಸರೋಜ ತಟ್ಟೆಯ ಕಡೆ ನೋಡಿದಳು. "ಅಯ್ಯೋ ಡಾಕ್ಟ್ರೇ, ಅದು..." ಅಂತ ಬಾಯಿ ತೆರೆದಳು. ನಾನು ಎರಡೂ ಕೈ ಜೋಡಿಸಿ ಅವಳ ಮುಂದೆ ಮಂಡಿಯೂರಿದೆ. ಡಾಕ್ಟ್ರ ಮುಖದರ್ಶನಕ್ಕೆ ಬಾಗಿಲು ತೆರೆದಿದೆ, ಮುಚ್ಚಬೇಡ ತಾಯಿ! ಅವಳು ನನ್ನ ಜೋಡಿಸಿದ ಕೈ ನೋಡಿ, "ಹೊರಟ್ವಿ ಡಾಕ್ಟ್ರೇ," ಅಂದಳು.

ಡಾಕ್ಟ್ರ ಎದುರು ಹೊಲಸು ಬಾಯಲ್ಲಿ ಹೋಗಬಾರದು ಅಂತ ನಾನು ಹೊರಡುವ ಮುಂಚೆ ಉಪ್ಪು ಹಾಕಿ ತಿಕ್ಕಿ ತಿಕ್ಕಿ ಬಾಯಿ ತೊಳೆದೆ. ಮರ್ಯಾದಸ್ಥನಿಗೆ ಬುದ್ಧಿ ಕಡಿಮೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕ್ಲಿನಿಕ್ಕಿನಲ್ಲಿ ಡಾಕ್ಟ್ರು ಜಗಲಿಗೇ ಬಂದು ನಿಂತಿದ್ದರು. ಶೈಲಾ ಗಾಬರಿಯಲ್ಲಿ ಹತ್ತಿ, ಬೇಸಿನ್ನು ಹಿಡಿದು ನಿಂತಿದ್ದಳು. ನನ್ನನ್ನು ಕಂಡವಳೇ, "ಡಾಕ್ಟ್ರೇ, ಇವರೇ ಆ ಉಸಿರು ಬಿಡೋರು," ಅಂದಳು. ಸರೋಜ ಅವಳ ಹೆಗಲ ಮೇಲೆ ಕೈಯಿಟ್ಟು, "ಶೈಲಮ್ಮ, ಇವರಿಗೆ ಅಷ್ಟೆಲ್ಲ ಧೈರ್ಯ ಇಲ್ಲಮ್ಮ. ದನಿ ಹೋದದ್ದು ಅಷ್ಟೇ," ಅಂದಳು. ಪೋಲಿಯಲ್ಲ ಅಂತಾಯಿತು. ಆದರೆ ನನ್ನ ಗಂಡಸುತನಕ್ಕೆ ಇದಕ್ಕಿಂತ ಪೊಲೀಸ್ ಕಂಪ್ಲೇಂಟೇ ಮರ್ಯಾದೆ ಅನ್ನಿಸಿತು. ಬಾಗಿಲ ಹತ್ತಿರ ಮೊದಲನೇ ಸ್ಥಾನದಲ್ಲಿ ನನ್ನ ಚಪ್ಪಲಿ ಹಾಗೇ ಇತ್ತು. ಅಂತೂ ಸರದಿ ತಪ್ಪಿಸಿ ಒಳಗೆ ಹೋದೆ ಅಂತ ಯಾರೂ ನನ್ನನ್ನು ಅನ್ನುವ ಹಾಗಿರಲಿಲ್ಲ.

ಡಾಕ್ಟ್ರು ಕೂರಿಸಿ, ನಾಲಗೆ ಒತ್ತಿ, ಟಾರ್ಚ್ ಬಿಟ್ಟರು. ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ರಕ್ತ ಎಲ್ಲಿ?"

ನನಗಂತೂ ದನಿ ಇಲ್ಲದ್ದು ಆವತ್ತು ಮೊದಲ ಸಲ ಅನುಕೂಲವಾಯಿತು.

"ಕವಳ ಡಾಕ್ಟ್ರೇ," ಅಂದಳು ಸರೋಜ, ಮೆಲ್ಲಗೆ.

ಡಾಕ್ಟ್ರು ಫೋಟೋ ನೋಡಿದರು, ನನ್ನ ಮುಖ ನೋಡಿದರು. ಬೈಯುತ್ತಾರೆ ಅಂತ ಕಣ್ಣು ಮುಚ್ಚಿದೆ. ಅವರು ಹೊಟ್ಟೆ ಹಿಡಿದು ನಗುತ್ತಿದ್ದರು. "ತಪ್ಪು ನಂದೇ ಮಾರಾಯ್ರೇ. ಇಷ್ಟು ವರ್ಷದಿಂದ ನಿಮ್ಮ ಬಾಯಿ ನೋಡಿದವನು, ಫೋಟೋದಲ್ಲಿ ನೋಡಿ ಹೆದ್ರಿಬಿಟ್ಟೆ. ಎದುರು ಕೂತಿದ್ರೆ ಬಾಗಿಲಲ್ಲೇ ಘಮ ಬರ್ತಿತ್ತು." ನಗು ನಿಂತ ಮೇಲೆ ಕುರ್ಚಿಗೆ ಒರಗಿ ಹೇಳಿದರು, "ಎಲ್ಲರನ್ನೂ ಎದುರಿಗೇ ನೋಡೋಕೆ ನನಗೂ ಆಸೆ. ಆದ್ರೆ ಬೆನ್ನು ಕೇಳಲ್ಲ. ದಿನಾ ಕೂತ್ರೆ ನಾನೇ ಯಾರ ಜಗಲೀಲಾದ್ರೂ ಚಪ್ಪಲಿ ಬಿಡ್ಬೇಕಾಗ್ತದೆ."

ಮೂರು ದಿನದಿಂದ ಅವರ ಮೇಲೆ ಬೆಳೆಸಿಕೊಂಡಿದ್ದ ಸಿಟ್ಟು ಅಲ್ಲೇ ಇಳಿದು ಹೋಯಿತು. ಪಾಪ, ಅವರಿಗೂ ವಯಸ್ಸಾಗಿದೆ ಅಂತ ನನಗೆ ಹೊಳೆದೇ ಇರಲಿಲ್ಲ.

"ಗಂಟಲಿಗೆ ದೊಡ್ಡದೇನೂ ಆಗಿಲ್ಲ. ಕೂಗಿ ಕೂಗಿ ಊದಿದೆ. ಎಲ್ಲಿ ಕೂಗಿದ್ರಿ ಇಷ್ಟು?"

"ಹಂಡೆಯೊಳಗೆ," ಅಂದಳು ಸರೋಜ.

ಡಾಕ್ಟ್ರು ಅದರ ಬಗ್ಗೆ ಏನೂ ಕೇಳದೆ ಚೀಟಿ ಬರೆದರು. "ಒಂದು ವಾರ ಮೌನ. ಪಿಸುಗುಡೋದೂ ಇಲ್ಲ. ಕವಳ ಬಂದ್. ಹಂಡೆ ಹತ್ರ ಹೋಗ್ಲೇಬೇಡಿ."

ನಾನು ಬೆರಳಲ್ಲಿ ಗಾಳಿಯಲ್ಲಿ ಕಿರೀಟ ಬರೆದು ತೋರಿಸಿದೆ. ಡಾಕ್ಟ್ರಿಗೆ ತಾಳಮದ್ದಳೆಯ ಹುಚ್ಚು, ತಕ್ಷಣ ಗೊತ್ತಾಯಿತು. "ಶನಿವಾರ ಅರಳಸುರಳಿಗೆ ನಾನೂ ಬರ್ತೀನಿ. ನೀವು ಬಾಯಿ ಬಿಟ್ರೆ ಅಲ್ಲೇ ಬಂದು ಮುಚ್ತೀನಿ."

ಮನೆಗೆ ಬಂದು ಹಂಡೆಯ ಪಕ್ಕ ಕೂತೆ. ಕಣ್ಣಲ್ಲಿ ನೀರೇ ಬಂತು. ಸರೋಜ ಗೌಡ್ರಿಗೆ ಫೋನ್ ಮಾಡಿ ವಿಷಯ ಹೇಳಿದಳು. ಆ ಕಡೆಯಿಂದ ಗೌಡ್ರ ದನಿ ನನಗೂ ಕೇಳುತ್ತಿತ್ತು. "ಸರೋಜಕ್ಕ, ನಾಡಿದ್ದಿಗೆ ನಾನು ರಾಜನ್ನ ಎಲ್ಲಿಂದ ತರ್ಲಿ? ಮೇಷ್ಟ್ರ ಎದುರು ಕೂರೋಕೆ ಯಾರು ಒಪ್ತಾರೆ?"

ಸರೋಜ ನನ್ನನ್ನು ನೋಡಿದಳು. ಹಂಡೆಯನ್ನು ನೋಡಿದಳು. "ಮಾತೆಲ್ಲ ನನಗೆ ಬಾಯಿಪಾಠ ಆಗಿದೆ ಗೌಡ್ರೇ. ತಿಂಗಳಿಂದ ಒಗ್ಗರಣೆ ಹಾಕ್ತಾ ಅದನ್ನೇ ಕೇಳಿದ್ದು. ಬೇಕಾದ್ರೆ ನಾನೇ ಕೂರ್ತೀನಿ," ಅಂದಳು.

ನಾನು ಬೇಡ ಬೇಡ ಅಂತ ಕೈ ಆಡಿಸಿದೆ. ಗೌಡ್ರಿಗೆ ಅದು ಕಾಣಿಸುವುದು ಹೇಗೆ? ಫೋನಿನ ವ್ಯವಹಾರದ ದೋಷವೇ ಅದು.

ಶನಿವಾರ ಅರಳಸುರಳಿಯ ಸಭಾಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಬೆನ್ನಿಗೆ ದಿಂಬು ಇಟ್ಟುಕೊಂಡು ಡಾಕ್ಟ್ರು, ಪಕ್ಕದಲ್ಲಿ ಶೈಲಾ. ನಾನು ಮದ್ದಳೆಯವರ ಹಿಂದೆ ಕೂತೆ, ಸರೋಜ ತಪ್ಪಿದರೆ ಸನ್ನೆ ಮಾಡುವುದಕ್ಕೆ. ನಿಜ ಹೇಳಬೇಕೆಂದರೆ, ಅವಳು ಗೆಲ್ಲಲಿ ಅಂತಲೂ ಇತ್ತು, ಸ್ವಲ್ಪವಾದರೂ ತಡವರಿಸಲಿ ಅಂತಲೂ ಇತ್ತು.

ಭಾಗವತರು ಪದ ಮುಗಿಸಿದರು. ಸಂಧಾನಕ್ಕೆ ಬಂದೆನೆಂದು ಮೇಷ್ಟ್ರು ಗಂಭೀರವಾಗಿ ಪೀಠಿಕೆ ಹಾಕಿದರು. ಸರೋಜ ಸೀರೆಯ ಸೆರಗು ಸರಿಮಾಡಿ ಕೂತಲ್ಲೇ ನೆಟ್ಟಗಾದಳು.

"ಬಂದದ್ದು ಸಂತೋಷ. ಆದರೆ ಮೊದಲೇ ಹೇಳಿ ಕಳುಹಿಸಿದ್ದಿರಾ? ನಮ್ಮ ಆಸ್ಥಾನದಲ್ಲಿ ಮುಖದರ್ಶನ ವಾರಕ್ಕೆ ಎರಡೇ ದಿನ, ಅದೂ ಬೆಳಗಿನ ಹೊತ್ತು. ಇಂದು ಶನಿವಾರ."

ಸಭೆ ಗೊಳ್ಳೆಂದಿತು. ಇದು ನನ್ನ ಮಾತಲ್ಲ! ಹಂಡೆಯಲ್ಲಿ ಇದು ಇರಲೇ ಇಲ್ಲ.

ಮೇಷ್ಟ್ರು ಬಿಡುವವರಲ್ಲ. "ರಾಜನ್, ಕಷ್ಟದಲ್ಲಿರುವವರಿಗೆ ವಾರವೇ, ತಿಥಿಯೇ?"

"ಕಷ್ಟವನ್ನು ದೂರದಿಂದಲೂ ಹೇಳಬಹುದು. ಒಂದು ಚಿತ್ರ ಬರೆಸಿ ಕಳುಹಿಸಿದ್ದರೆ ಇಲ್ಲಿಂದಲೇ ನೋಡಿ ಪರಿಹಾರ ಹೇಳುತ್ತಿದ್ದೆವು."

"ಚಿತ್ರ ನೋಡಿ ಸತ್ಯ ತಿಳಿಯುವುದೆಂತು?"

"ತಿಳಿಯುವುದಿಲ್ಲ. ತಾಂಬೂಲವನ್ನು ನೆತ್ತರೆಂದು ಭ್ರಮಿಸಿ ಕೋಟೆಯ ಬಾಗಿಲು ತೆರೆದವರೂ ಉಂಟು."

ಡಾಕ್ಟ್ರು ದಿಂಬು ಬೀಳುವ ಹಾಗೆ ನಕ್ಕರು. ಮೇಷ್ಟ್ರಿಗೆ ವಿಷಯ ಗೊತ್ತಿಲ್ಲ, ಆದರೂ ಸಭೆ ಯಾರ ಕಡೆಗಿದೆ ಅನ್ನುವುದು ಗೊತ್ತಾಯಿತು. ಅಲ್ಲಿಂದ ಮುಂದೆ ಸರೋಜ ಮೇಷ್ಟ್ರನ್ನು ಉಸಿರಾಡಲು ಬಿಡಲಿಲ್ಲ. ಇಷ್ಟು ವರ್ಷ ನನ್ನ ಎದುರು ನಿಂತು ಅಭ್ಯಾಸವಾದ ನಾಲಗೆ, ಮೇಷ್ಟ್ರು ಯಾವ ಲೆಕ್ಕ? ಕೊನೆಯಲ್ಲಿ, "ಸೂಜಿಯ ಮೊನೆಯಷ್ಟೂ ಕೊಡೆ, ಕೊಡೆ, ಕೊಡೆ" ಅಂದಾಗ ಸಭಾಭವನವೇ ಹಂಡೆಯ ಹಾಗೆ ಮೊಳಗಿತು. ಮೇಷ್ಟ್ರು ಕೈ ಚಾಚಿ ನೀರು ಕೇಳಿದರು. ಲೋಟ ತುಂಬಿ ಕೊಟ್ಟವನು ನಾನೇ. ಪಣ ತೊಟ್ಟಂತೆ ಮೇಷ್ಟ್ರನ್ನು ನೀರು ಕುಡಿಸಿದ್ದಾಯಿತು.

ವಾರ ಕಳೆದು ದನಿ ಬಂತು. ದನಿ ಬಂದ ದಿನವೇ ಕ್ಲಿನಿಕ್ಕಿನಿಂದ ಫೋನು. ಶೈಲಾ.

"ಅಣ್ಣಾ, ಡಾಕ್ಟ್ರು ಕೇಳ್ತಿದ್ರು. ಸರೋಜಮ್ಮನೋರ ಜೊತೆ ಸ್ವಲ್ಪ ಮಾತಾಡ್ಬೇಕಂತೆ. ಇದ್ದಾರಾ?"

"ಬೇರೆ ಊರಿನೋರು ಯಾರೋ ಅವಳನ್ನ ಕಾರ್ಯಕ್ರಮಕ್ಕೆ ಕರೆಯೋಕೆ ಬಂದು ಕೂತಿದ್ದಾರೆ. ಈಗ ನೇರವಾಗಿ ಸಿಗೋದು ಕಷ್ಟ. ವಿಷಯ ಹೇಳಿ, ನಾನು ತಿಳಿಸ್ತೀನಿ," ಅಂದೆ. ಅಂದ ಮೇಲೆಯೇ ನಾನೂ ಒಬ್ಬ ಶೈಲಾ ಆಗಿಬಿಟ್ಟೆ ಅಂತ ಹೊಳೆದದ್ದು.

ಮಂಜಪ್ಪಗೌಡ್ರೂ ಫೋನ್ ಮಾಡಿದ್ದರು. ಮುಂದಿನ ತಿಂಗಳು ಮತ್ತೆ ತಾಳಮದ್ದಳೆ. ರಾಜನ ಪಾತ್ರ ಸರೋಜಳಿಗೆ. ನನ್ನನ್ನೂ ಮರೆತಿಲ್ಲ, ಪುಣ್ಯಾತ್ಮರು. ಹಳೇ ದೂತನ ಪಾತ್ರವನ್ನೇ ಕೊಟ್ಟಿದ್ದಾರೆ.

ಈ ಸಲ ಅಭ್ಯಾಸಕ್ಕೆ ಹಂಡೆಯ ಅಗತ್ಯವಿಲ್ಲ. ಅಡುಗೆಮನೆಯಿಂದ ಸರೋಜ, "ರೀ, ತೆಂಗಿನಕಾಯಿ ಒಡೆದು ಕೊಡಿ," ಅಂದರೆ ಸಾಕು. ನಾನು ಅಂಗಡಿಯಿಂದಲೇ, ಚೇತರಿಸಿಕೊಂಡ ಕಂಚಿನ ಕಂಠದಲ್ಲಿ, "ಅಪ್ಪಣೆ, ಮಹಾರಾಜ" ಅನ್ನುತ್ತೇನೆ.